ಕ್ರೋನ್ಸ್ ಆಪರೇಷನ್ ಆದ ಮೇಲೆ: ನನ್ನ ಉದ್ರಿ ಪುಸ್ತಕದ ಹಿಂದಿನ ಪುಟಗಳು

ತಿಪಟೂರಿನಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಕ್ರೋನ್ಸ್ ಕಾಯಿಲೆಗೆ (ಕರುಳಿನಲ್ಲಿ ಉರಿಯೂತ, ಹುಣ್ಣು ಮಾಡುವ, ಬಹಳ ಕಾಲ ಬಿಡದ ಕಾಯಿಲೆ) ಸಣ್ಣ ಕರುಳಿನ ಕೊನೆಯ 30 ಸೆಂ.ಮೀ. ತೆಗೆದು, ಉಳಿದದ್ದನ್ನು ದೊಡ್ಡ ಕರುಳಿಗೆ ಜೋಡಿಸಿ ನಾಲ್ಕು ವರ್ಷ ಆಯಿತು. ಅದಕ್ಕೂ ಮುಂಚೆ ಟಿಬಿ ಇರಬಹುದು ಅಂತ ಆರು ತಿಂಗಳು ಮಾತ್ರೆ ನುಂಗಿದ್ದೆ. ಕರುಳಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನಮ್ಮ ಕಡೆ ಇದು ಬಹಳ ಜನರ ಕತೆ.

ಆಪರೇಷನ್ ಆಗಿ 6 ತಿಂಗಳಿಗೆ ಕೊಲೊನೋಸ್ಕೋಪಿಗೆ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ಕರುಳು ನೋಡುವ ಪರೀಕ್ಷೆಗೆ, ಬನ್ನಿ ಅಂದಿದ್ದರು. ಚೆನ್ನಾಗಿ ಉಣ್ಣುತ್ತಿದ್ದೆ, ಮೂಟೆ ಎತ್ತುತ್ತಿದ್ದೆ, ಸುಮ್ನೆ ಯಾಕೆ ದುಡ್ಡು ದಂಡ ಅಂತ ಹೋಗಲಿಲ್ಲ. 14ನೇ ತಿಂಗಳಲ್ಲಿ ಹೋದೆ. ಜೋಡಿಸಿದ ಜಾಗಕ್ಕಿಂತ ಸ್ವಲ್ಪ ಮೇಲೆ ಒಳಪದರದ ತುಂಬಾ ಚಿಕ್ಕ ಚಿಕ್ಕ ಹುಣ್ಣು. ನೋವಿಲ್ಲ, ಭೇದಿಯಿಲ್ಲ, ಆದರೂ ಹುಣ್ಣು! ಈ ಕಾಯಿಲೆ ಮೊದಲು ಕ್ಯಾಮೆರಾಗೆ ಕಾಣುತ್ತದೆ, ಹೊಟ್ಟೆಗೆ ಗೊತ್ತಾಗುವುದು ಆಮೇಲೆ. ವರದಿಯಲ್ಲಿ ಕಾಯಿಲೆ ಎಷ್ಟು ವಾಪಸ್ ಬಂದಿದೆ ಅಂತ ಅಳೆಯುವ ‘ರುಟ್‌ಗೇರ್ಟ್ಸ್ ಸ್ಕೋರ್’ ಅಂತ ಇರುತ್ತದೆ, ಐ0ಯಿಂದ ಐ4ರವರೆಗೆ. ಐ0 ಅಂದರೆ ಏನೂ ಇಲ್ಲ. ಐ2 ಅಥವಾ ಜಾಸ್ತಿ ಇದ್ದರೆ ಔಷಧಿಯ ಮಾತು ಬರುತ್ತದೆ. ನನ್ನದು ಐ3 ಇತ್ತು. ಅವತ್ತಿನಿಂದ ಉದ್ರಿ ಪುಸ್ತಕದ ಹಿಂದಿನ ಪುಟಗಳಲ್ಲಿ ನನ್ನದೇ ಲೆಕ್ಕ ಬರೆಯುತ್ತಿದ್ದೇನೆ.

ಪ್ರತಿ ಸೋಮವಾರ, ಬಾಗಿಲು ತೆಗೆಯುವ ಮುಂಚೆ, ಮೂಟೆ ತೂಗುವ ತಕ್ಕಡಿ ಮೇಲೆ ನಿಲ್ಲುತ್ತೇನೆ. ಲುಂಗಿಯಲ್ಲೇ, ಬರೀ ಹೊಟ್ಟೆಯಲ್ಲಿ. ಒಂದು ತಿಂಗಳಲ್ಲಿ ಕಾರಣವಿಲ್ಲದೆ ಎರಡು ಕಿಲೋ ಇಳಿದರೆ ಡಾಕ್ಟರಿಗೆ ಫೋನ್.

ಮೂರು–ನಾಲ್ಕು ತಿಂಗಳಿಗೊಮ್ಮೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ. ಕರುಳಿನಲ್ಲಿ ಉರಿಯೂತ ಇದ್ದರೆ ಈ ಸಂಖ್ಯೆ ಏರುತ್ತದೆ. ಆಪರೇಷನ್ ಆದ ಹೊಸದರಲ್ಲಿ ಗಾಯದಿಂದಲೇ ಜಾಸ್ತಿ ಬರುವುದರಿಂದ ಮೊದಲ ಎರಡು–ಮೂರು ತಿಂಗಳು ಕಾಯಬೇಕು. ಸ್ಯಾಂಪಲ್ ತೆಗೆಯುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನೇ ಹೇಳುತ್ತೇನೆ. ಬೆಳಗಿನ ಮೊದಲ ಸಲದ್ದೇ ಒಳ್ಳೆಯದು. ಮೊದಲು ಮೂತ್ರ ಮಾಡಿ ಮುಗಿಸಿ. ಕಮೋಡಿನ ಮೇಲೆ ಅಗಲವಾದ ಪ್ಲಾಸ್ಟಿಕ್ ಕವರ್ ಹಾಸಿ, ನೀರು ತಾಗಬಾರದು. ಡಬ್ಬಿಯ ಚಮಚದಲ್ಲಿ ಎರಡು–ಮೂರು ಕಡೆಯಿಂದ ಒಟ್ಟು ಕಡಲೆಕಾಳಿನಷ್ಟು ಸಾಕು. ಅವತ್ತೇ ಕೊಡಿ. ಯಾವಾಗಲೂ ಒಂದೇ ಲ್ಯಾಬ್ ಇರಲಿ, ಇಲ್ಲದಿದ್ದರೆ ಸಂಖ್ಯೆಗಳನ್ನು ಹೋಲಿಸಲು ಆಗುವುದಿಲ್ಲ.

ನನ್ನ ಸಾಲು ಹೀಗಿದೆ: 64, 88, 210. 100 ದಾಟಿದರೆ ನಮ್ಮ ಡಾಕ್ಟರು ಪ್ರಶ್ನೆ ಶುರು ಮಾಡುತ್ತಾರೆ. ಆ 210ರ ಹಿಂದಿನ ವಾರ ಸೊಂಟ ಹಿಡಿದು ಡೈಕ್ಲೋಫೆನಾಕ್ ನುಂಗಿದ್ದೆ. ಆ ಜಾತಿಯ ನೋವಿನ ಮಾತ್ರೆ ಈ ಸಂಖ್ಯೆಯನ್ನೂ ಏರಿಸುತ್ತದೆ, ಕಾಯಿಲೆಯನ್ನೂ ಕೆಣಕಬಹುದು. ಈಗ ಪ್ಯಾರಾಸಿಟಮಾಲ್ ಮಾತ್ರ.

ಭೇದಿಯಾದ ತಕ್ಷಣ ಕಾಯಿಲೆ ವಾಪಸ್ ಬಂತು ಅಂತ ಹೆದರಬೇಡಿ. ಪಿತ್ತರಸವನ್ನು ಮತ್ತೆ ಹೀರಿಕೊಳ್ಳುವುದು ಸಣ್ಣ ಕರುಳಿನ ಆ ಕೊನೆಯ ಭಾಗವೇ. ಅದು ಹೋಗಿರುವುದರಿಂದ ಪಿತ್ತರಸ ದೊಡ್ಡ ಕರುಳಿಗೆ ಇಳಿದು, ನನಗೆ ಬೋಂಡಾ ತಿಂದ ದಿನ ನೀರು ನೀರಾಗಿ ಆಗುತ್ತಿತ್ತು. ಪಿತ್ತರಸವನ್ನು ಹಿಡಿದಿಡುವ ಕೊಲೆಸ್ಟಿರಮಿನ್ ಪುಡಿ ಕೊಟ್ಟರು, ನಿಂತಿತು. ಅದನ್ನು ಬೇರೆ ಮಾತ್ರೆಗಳ ಜೊತೆ ಕುಡಿಯಬಾರದು, ಅವನ್ನೂ ಹೀರಿಬಿಡುತ್ತದೆ. ಬಿ12 ಹೀರುವುದೂ ಅದೇ ಭಾಗ. ಹಾಗಾಗಿ ನನಗೆ ಮೂರು ತಿಂಗಳಿಗೊಂದು ಇಂಜೆಕ್ಷನ್. ರಕ್ತದಲ್ಲಿ ಹಿಮೋಗ್ಲೋಬಿನ್, ಸಿಆರ್‌ಪಿ (ಉರಿಯೂತ ಇದ್ದರೆ ಏರುವ ಅಂಶ), ಕಬ್ಬಿಣದಂಶ ನೋಡಿಸುತ್ತೇನೆ.

ಹೊಟ್ಟೆ ಊದಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಪುಸ್ತಕ ಪಕ್ಕಕ್ಕಿಟ್ಟು ಸೀದಾ ಆಸ್ಪತ್ರೆಗೆ.

ಬೀಡಿ ಬಿಡಲೇಬೇಕು. ಕಾಯಿಲೆ ಮರುಕಳಿಸುವುದಕ್ಕೆ ನಮ್ಮ ಕೈಯಲ್ಲಿರುವ ದೊಡ್ಡ ಕಾರಣ ಅದೇ. ಅಂಗಡಿಯಲ್ಲಿ ಮಾರುತ್ತೇನೆ, ಸೇದುವುದಿಲ್ಲ. ನಗಬೇಡಿ.

ಕೊಲೊನೋಸ್ಕೋಪಿಗೆ ಒಂದು ವಾರ ಮುಂಚೆ ಕಬ್ಬಿಣದ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ಹಿಂದಿನ ದಿನ ಎಳನೀರು, ಗಂಜಿಯ ತಿಳಿ ಇಷ್ಟೇ. ಬೀಟ್ರೂಟಿನಂಥ ಕೆಂಪು ಬಣ್ಣದ್ದು ಬೇಡ, ರಕ್ತ ಅಂದುಕೊಳ್ಳುತ್ತಾರೆ. ಕರುಳು ಖಾಲಿ ಮಾಡುವ ಔಷಧಿ ನೀರನ್ನು ಅರ್ಧ ರಾತ್ರಿ, ಅರ್ಧ ಬೆಳಗಿನ ಜಾವ ಕುಡಿಯಿರಿ, ತಣ್ಣಗಿದ್ದರೆ ಇಳಿಯುತ್ತದೆ. ಆ ಎರಡು ದಿನ ಅಂಗಡಿಯಲ್ಲಿ ನನ್ನ ತಮ್ಮ ಕೂರುತ್ತಾನೆ. ಬೀಡಿ ಲೆಕ್ಕ ಮಾತ್ರ ಪ್ರತಿ ಸಲ ತಪ್ಪಿಸುತ್ತಾನೆ.