ಕೆರೆಗಳ ಅಧ್ಯಯನದಲ್ಲಿ ಪಿಎಚ್‌ಡಿ: ಅರ್ಜಿ ಹಾಕುವ ಮುನ್ನ

ಸಿಹಿನೀರಿನ ಕೆರೆಗಳ ಬಗ್ಗೆ ಪಿಎಚ್‌ಡಿ ಮಾಡಬಯಸುವವರು ಸಾಮಾನ್ಯವಾಗಿ ಮೊದಲು ಮಾರ್ಗದರ್ಶಕರನ್ನು ಹುಡುಕಲು ಹೊರಡುತ್ತಾರೆ. ಅದಕ್ಕೂ ಮೊದಲು ಒಂದು ಕೆರೆಯನ್ನೂ ಅದರ ಬಗ್ಗೆ ಕೇಳಬಹುದಾದ ಒಂದು ಪ್ರಶ್ನೆಯನ್ನೂ ಆರಿಸಿಕೊಳ್ಳುವುದು ಮೇಲು.

ಸರೋವರ ವಿಜ್ಞಾನದ ಪಠ್ಯಗಳ ಬಹುಭಾಗ ಯುರೋಪ್ ಮತ್ತು ಉತ್ತರ ಅಮೆರಿಕದ ಸರೋವರಗಳನ್ನು ಆಧರಿಸಿದೆ. ಬೆಂಗಳೂರಿನ ಕೆರೆಗಳಾದರೋ ಆಳವಿಲ್ಲದವು, ಜನರೇ ಕಟ್ಟಿದವು, ಒಂದರ ಕೋಡಿಯ ನೀರು ಇನ್ನೊಂದಕ್ಕೆ ಹರಿಯುವಂತೆ ರಾಜಕಾಲುವೆಗಳಿಂದ ಬೆಸೆದುಕೊಂಡವು. ಹಿಂದೆ ಬೇಸಿಗೆಯಲ್ಲಿ ಬತ್ತುತ್ತಿದ್ದ ಎಷ್ಟೋ ಕೆರೆಗಳಲ್ಲಿ ಈಗ ಕೊಳಚೆ ನೀರಿನ ಕಾರಣ ವರ್ಷವಿಡೀ ನೀರು ನಿಂತಿರುತ್ತದೆ. ಬೆಳ್ಳಂದೂರಿನ ನೊರೆ ಮತ್ತು 2017, 2018ರ ಬೆಂಕಿ ಎಲ್ಲರಿಗೂ ಗೊತ್ತು. ಆದರೆ ನನ್ನ ದೃಷ್ಟಿಯಲ್ಲಿ, ಸಂಸ್ಕರಿಸಿದ ಕೊಳಚೆ ನೀರು ಜೌಗಿನ ಮೂಲಕ ಹಾಯ್ದು ಕೆರೆ ಸೇರುವ ಜಕ್ಕೂರಿನಂಥ ಕಡೆ, ಆ ಜೌಗಿನ ಗಿಡಗಳು ಯಾವ ಋತುವಿನಲ್ಲಿ ಪಾಚಿಗೆ ಆಹಾರವಾಗುವ ರಂಜಕವನ್ನು ಎಷ್ಟು ಹಿಡಿದಿಡುತ್ತವೆ ಎಂದು ಕೇಳುವುದು ಹೆಚ್ಚು ಫಲ ಕೊಡುವ ಪ್ರಶ್ನೆ.

ಪ್ರಶ್ನೆ ಹೊಳೆದ ಮೇಲೆ ಕೈಕೆಲಸ ಕಲಿಯಬೇಕು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನದಲ್ಲಿ, ಗಾಳಿಗುಳ್ಳೆ ಉಳಿಯದಂತೆ ಬಾಟಲಿ ತುಂಬಿ, ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ದ್ರಾವಣಗಳನ್ನು ಹಾಕಬೇಕು. ಗಸಿ ಕಂದುಬಣ್ಣಕ್ಕೆ ತಿರುಗಿದರೆ ಆಮ್ಲಜನಕವಿದೆ, ಬಿಳಿಯಾಗಿಯೇ ಉಳಿದರೆ ಇಲ್ಲವೇ ಇಲ್ಲ ಎನ್ನಬಹುದು. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ಸಮೃದ್ಧವಾಗಿರುವ ಆಮ್ಲಜನಕ ಬೆಳಗಿನ ಜಾವಕ್ಕೆ ಕುಸಿಯುತ್ತದೆ. ಆದ್ದರಿಂದ ಹನ್ನೊಂದು ಗಂಟೆಗೆ ಹೋಗಿ ಒಂದೇ ಮಾದರಿ ತಂದವರಿಗೆ ಮೀನುಗಳು ಸತ್ತದ್ದೇಕೆಂಬುದು ತಿಳಿಯುವುದಿಲ್ಲ.

ಫೆಲೋಶಿಪ್‌ಗೆ ಮುಖ್ಯ ದಾರಿ ಜೀವವಿಜ್ಞಾನದ ಸಿಎಸ್‌ಐಆರ್ ನೆಟ್ ಅಥವಾ ಪರಿಸರ ವಿಜ್ಞಾನದ ಯುಜಿಸಿ ನೆಟ್ ಪರೀಕ್ಷೆ. 2023ರ ಪರಿಷ್ಕರಣೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಮಾಸಿಕ 37,000 ರೂಪಾಯಿಗೆ ಏರಿತು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರವನ್ನೂ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯನ್ನೂ ಮೊದಲು ನೋಡಬೇಕು. ರಾಜ್ಯದ ವಿಶ್ವವಿದ್ಯಾಲಯಗಳ ಪರಿಸರ ವಿಜ್ಞಾನ ವಿಭಾಗಗಳನ್ನು ಕಡೆಗಣಿಸಬಾರದು. ವಿದೇಶದಲ್ಲಿ ಸ್ವಿಟ್ಜರ್ಲೆಂಡ್‌ನ ಜಲ ಸಂಶೋಧನಾ ಸಂಸ್ಥೆ ಎವಾಗ್‌, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸರೋವರ ವಿಜ್ಞಾನ ಕೇಂದ್ರ ಹೆಸರಾದವು. ಎವಾಗ್‌ನಂಥ ಕಡೆ ಪಿಎಚ್‌ಡಿ ಎಂದರೆ ಸಂಬಳದ ಹುದ್ದೆ, ಖಾಲಿಯಾದಾಗ ಜಾಹೀರಾತು ಬರುತ್ತದೆ.

ಮಾರ್ಗದರ್ಶಕರಿಗೆ ಬರೆಯುವಾಗ ಅವರ ಒಂದು ಪ್ರಬಂಧವನ್ನಾದರೂ ನಿಜವಾಗಿ ಓದಿ, ಒಂದು ಪುಟದ ಪ್ರಸ್ತಾವವನ್ನು ಲಗತ್ತಿಸಿ. ಒಂದೇ ಪತ್ರವನ್ನು ಹೆಸರು ಬದಲಿಸಿ ಹತ್ತು ಜನರಿಗೆ ಕಳಿಸಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಇದರೊಳಗೆ ಎರಡು ಮಳೆಗಾಲದ ಮಾದರಿಗಳಾದರೂ ಸಿಗುವಂತೆ ಯೋಜಿಸಿ. ಕೆರೆ ಯಾರ ಸುಪರ್ದಿಯಲ್ಲಿದೆ, ಮೀನುಗಾರಿಕೆಯ ಗುತ್ತಿಗೆ ಯಾರದು ಎಂಬುದನ್ನು ವಿಚಾರಿಸಿ, ಲಿಖಿತ ಅನುಮತಿಗಾಗಿ ಮೊದಲ ವರ್ಷದಲ್ಲೇ ಅರ್ಜಿ ಕೊಡಿ.