ಗಿಣ್ಣಿನಿಂದ ಎಬ್ಬಿಸಿದ ಮಾರಿಹಾಳ ಬಿದಿರು: ನನ್ನ ಅನುಭವ

ಮಾರಿಹಾಳ ಬಿದಿರು ಬೀಜ ಕಟ್ಟುವುದಿಲ್ಲವೆಂಬುದು ಬೆಳೆಗಾರರಿಗೆಲ್ಲ ತಿಳಿದ ವಿಷಯ. ಆದ್ದರಿಂದ ನೆಲದೊಳಗಿನ ಗೆಡ್ಡೆ ಕಿತ್ತು ನೆಡುವುದೊಂದೇ ದಾರಿಯೆಂದು ನಮ್ಮ ಮಲೆನಾಡಿನಲ್ಲಿ ಹಲವರು ಇಂದಿಗೂ ನಂಬಿದ್ದಾರೆ. ಅಡಿಕೆ ತೋಟದ ಅಂಚಿಗೆ ಗಿಣ್ಣಿನ, ಅಂದರೆ ಗಂಟಿರುವ, ತುಂಡುಗಳಿಂದಲೇ ಬಿದಿರಿನ ಸಾಲು ಎಬ್ಬಿಸುತ್ತೇನೆಂದಾಗ ನಕ್ಕವರೇ ಈಗ ಬಂದು ಗಳವನ್ನು (ಬಿದಿರಿನ ಕೋಲನ್ನು) ಮುಷ್ಟಿಯಲ್ಲಿ ಹಿಡಿದು ದಪ್ಪ ಅಳೆಯುತ್ತಿರುವುದರಿಂದ, ಇದನ್ನು ಬರೆಯುವ ಧೈರ್ಯ ಬಂದಿದೆ.

ಗೆಡ್ಡೆಯನ್ನು ನಾನು ಬಿಟ್ಟದ್ದು ಖರ್ಚಿನ ಕಾರಣಕ್ಕೆ. ಮೊಳಕೆಯ ಕಣ್ಣು ಮುರಿಯದಂತೆ, ಬೇರು ಹರಿಯದಂತೆ ಅಗೆಯಬೇಕೆಂದರೆ ಒಬ್ಬ ಆಳು ದಿನಕ್ಕೆ ನಾಲ್ಕೋ ಐದೋ ಗೆಡ್ಡೆ ತೆಗೆದಾನು; ಸಾಗಣೆಯೂ ಸೇರಿ ಒಂದೊಂದಕ್ಕೆ ಇನ್ನೂರು ರೂಪಾಯಿಯ ಆಸುಪಾಸು ಬೀಳುತ್ತಿತ್ತು. ನೆಟ್ಟವುಗಳಲ್ಲಿ ಕೆಲವನ್ನು ಮುಳ್ಳುಹಂದಿ ತಿಂದಿತು, ಗೆಡ್ಡೆ ಕಿತ್ತ ತಾಯಿಮೆಳೆಯೂ (ಮೂಲ ಬಿದಿರಿನ ಗುಂಪೂ) ಮರುವರ್ಷ ಸೊರಗಿತು.

ತುಂಡುಗಳ ಮೊದಲ ಪ್ರಯತ್ನ ಮಳೆಗಾಲದ ಆರಂಭದಲ್ಲಿ ನಡೆಯಿತು, ಹೆಚ್ಚಿನವು ಕೊಳೆತುಹೋದವು. ಬೇಸಿಗೆಯಲ್ಲಿ ಇಟ್ಟ ತಂಡವು ಎರಡು ಮೂರು ವಾರಗಳಲ್ಲಿ ಚಿಗುರಿ, ಹಸಿರೆಲೆ ಬಿಚ್ಚಿ, ನೋಡಿದವರೆಲ್ಲ ಮೆಚ್ಚುವಂತೆ ನಿಂತು, ತಿಂಗಳು ಕಳೆಯುವಷ್ಟರಲ್ಲಿ ಒಣಗಿತು. ಕಿತ್ತು ನೋಡಿದರೆ ಬೇರಿನ ಸುಳಿವೇ ಇರಲಿಲ್ಲ. ಗಳದೊಳಗೆ ಕೂಡಿಟ್ಟ ಪಿಷ್ಟದಿಂದಲೇ ಎಲೆ ಬರುತ್ತದೆ. ಅದು ಮುಗಿಯುವ ಮೊದಲು ಬೇರಿಳಿಯದಿದ್ದರೆ ಆ ಚಿಗುರಿಗೆ ಬೆಲೆಯಿಲ್ಲ. ಆಳುಗಳ ಕೂಲಿ, ಮರಳು, ನೆರಳಿನ ಬಲೆ ಎಲ್ಲ ಸೇರಿ ಆ ಎರಡು ತಂಡಗಳು ಎಂಟು ಹತ್ತು ಸಾವಿರ ರೂಪಾಯಿ ನುಂಗಿರಬೇಕು. ಮನೆಯಲ್ಲಿ ಆ ಲೆಕ್ಕವನ್ನು ಈಗಲೂ ನೆನಪಿಸುತ್ತಾರೆ.

ಆಮೇಲೆ ಕಡಿಯುವ ಕಾಲವನ್ನೂ ಗಳದ ವಯಸ್ಸನ್ನೂ ಬಿಗಿಮಾಡಿದೆ. ಕಳಲೆ, ಅಂದರೆ ನೆಲದಿಂದ ಬರುವ ಎಳೆ ಮೊಳಕೆ, ಏಳುವಾಗ ಹಳೆಯ ಗಳಗಳ ಸಂಗ್ರಹವೆಲ್ಲ ಅದರತ್ತ ಹರಿಯುವುದರಿಂದ, ಅದಕ್ಕೆ ಮುಂಚೆ, ಅಂದರೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದೊಳಗೆ, ಎರಡನೆಯ ವರ್ಷಕ್ಕೆ ಕಾಲಿಟ್ಟ ಗಳವನ್ನು ಮಾತ್ರ ಕಡಿಯುತ್ತೇನೆ. ಎರಡು ಗಿಣ್ಣಿನ ತುಂಡು ಮಾಡಿ, ಕೊಂಬೆಗಳನ್ನು ಬುಡದ ಒಂದು ಗಿಣ್ಣು ಉಳಿಯುವಂತೆ ಸವರಿ, ಬೇರು ಬರಿಸುವ ಔಷಧಿಯಲ್ಲಿ ಅದ್ದಿ, ಅಂದೇ ಮರಳಿನ ಮಡಿಯಲ್ಲಿ ಅಡ್ಡಲಾಗಿ ಮಲಗಿಸುತ್ತೇನೆ. ಔಷಧಿಯ ಪ್ರಮಾಣವನ್ನೂ ಅದಕ್ಕೆ ಬೆರೆಸುವ ಇನ್ನೊಂದು ವಸ್ತುವನ್ನೂ ಇಲ್ಲಿ ಹೇಳುವುದಿಲ್ಲ. ಅದಕ್ಕಾಗಿ ಕಳೆದುಕೊಂಡ ಹಣ ಇನ್ನೂ ಪೂರ್ತಿ ಹಿಂದಿರುಗಿಲ್ಲ. ಮೊದಲ ಚಿಗುರಿಗೆ ಮರುಳಾಗದೆ, ಬುಡದಿಂದ ಎರಡನೆಯ ಮೊಳಕೆ ಮಣ್ಣು ಸೀಳಿ ಬಂದ ಮೇಲಷ್ಟೇ ಚೀಲಕ್ಕೆ ಬದಲಿಸುತ್ತೇನೆ. ಈ ಕ್ರಮದಲ್ಲಿ ಹತ್ತಕ್ಕೆ ಆರರಷ್ಟು ಉಳಿಯುತ್ತಿವೆ, ಒಳ್ಳೆಯ ವರ್ಷ ಏಳು. ಒಂದು ಸಸಿಗೆ ಇಪ್ಪತ್ತು ರೂಪಾಯಿ ದಾಟುವುದಿಲ್ಲ.

ನಡುವೆ ಹೆಬ್ಬಿದಿರಿನ ಮೇಲೂ ಕೈಯಾಡಿಸಿದೆ. ಅದರ ಗಳ ಟೊಳ್ಳಾದ್ದರಿಂದ ಎರಡು ಗಿಣ್ಣುಗಳ ನಡುವೆ ರಂಧ್ರ ಕೊರೆದು ಔಷಧಿನೀರು ತುಂಬಿ ಮೇಣದಿಂದ ಮುಚ್ಚಬಹುದು. ಬುಡದಲ್ಲಿ ಹೆಚ್ಚುಕಡಿಮೆ ಗಟ್ಟಿಯಾಗಿರುವ ಮಾರಿಹಾಳಕ್ಕೆ ಈ ಸೌಕರ್ಯವಿಲ್ಲ. ಹೆಬ್ಬಿದಿರು ಬೇರು ಬಿಟ್ಟಿತು, ಆದರೆ ಅದರ ಮುಳ್ಳಿನ ಪೊದೆಯನ್ನು ಅಡಿಕೆ ಪಕ್ಕದಲ್ಲಿ ಸಾಕುವವರಾರು? ನಾಲ್ಕಾರು ದಶಕಕ್ಕೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು ಸಾಯುವ ಜಾತಿಯೂ ಅದು. ಕೊನೆಗೆ ಬೇಲಿಯಾಚೆಯ ದಿಬ್ಬಕ್ಕೆ ನೆಟ್ಟುಬಿಟ್ಟೆ. ಕೊಂಬೆಯ ಬುಡಕ್ಕೆ ಗುಟಿ ಕಟ್ಟಿ, ಗಿಡದ ಮೇಲಿರುವಾಗಲೇ ಬೇರು ಬರಿಸುವ ಪ್ರಯೋಗ ಅರ್ಧಂಬರ್ಧ ಫಲಿಸಿದೆ.

ಬಿದಿರು ತೋಟದ ಸಾರವನ್ನೆಲ್ಲ ಹೀರುತ್ತದೆಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ಬೇರುಗಳು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲೇ ಹರಡುವುದರಿಂದ, ಅಡಿಕೆ ಸಾಲಿನಿಂದ ಹನ್ನೆರಡು ಅಡಿ ಬಿಟ್ಟು, ನಡುವೆ ಎರಡಡಿ ಆಳದ ಅಗಳು (ಕಂದಕ) ತೆಗೆಸಿ, ಪ್ರತಿವರ್ಷ ಮಳೆಗೆ ಮುನ್ನ ಅದನ್ನು ಕೆತ್ತಿಸಿದರೆ ಸಾಕಾಗುತ್ತದೆ. ಬುಡಕ್ಕೆ ದರಕು (ಒಣಗಿದ ಎಲೆ) ಮತ್ತು ಮಣ್ಣು ಏರಿಸುವುದನ್ನು ಒಂದು ವರ್ಷವೂ ತಪ್ಪಿಸಬಾರದು, ಏಕೆಂದರೆ ಗೆಡ್ಡೆ ಮೇಲೆದ್ದ ಮೆಳೆಯಲ್ಲಿ ಗಳ ಸಣಕಲಾಗುತ್ತದೆ.

ಕಡಿಯಲು ಅನುಮತಿ ಸಿಗದೆಂದು ಹೆದರಿಸಿದವರೂ ಇದ್ದರು. 1927ರ ಭಾರತೀಯ ಅರಣ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ಕೈಬಿಟ್ಟಿದೆಯೆಂದು ತೋರಿಸಿದ ಮೇಲೆ ಆ ಮಾತು ನಿಂತಿತು. ಮೂರು ವರ್ಷ ಬಲಿತ ಗಳವನ್ನು ಮಾತ್ರ ಮಳೆ ಮುಗಿದ ಮೇಲೆ, ನೆಲಕ್ಕೆ ಹತ್ತಿರದ ಗಿಣ್ಣಿನ ಮೇಲ್ಗಡೆಗೆ ನೀರು ನಿಲ್ಲದಂತೆ ಕಡಿಸಿ, ಕುಟ್ಟೆ (ಕೊರೆಯುವ ಹುಳು) ಹಿಡಿಯದಿರಲೆಂದು ಕೆಲವು ವಾರ ಹೊಂಡದಲ್ಲಿ ಮುಳುಗಿಸಿಡುತ್ತೇನೆ. ವಾಸನೆ ಅಸಹ್ಯವೆಂಬುದು ನಿಜ. ಹಾಗೆ ನೆನೆಸಿದ ಗಳಕ್ಕೆ ಕಳೆದ ಬಾರಿ ಎಪ್ಪತ್ತು ರೂಪಾಯಿಯ ಹತ್ತಿರ ಸಿಕ್ಕಿತು, ನೆನೆಸದ್ದಕ್ಕೆ ಐವತ್ತೂ ದಾಟಲಿಲ್ಲ. ಈ ಸಲ ಗಳಕ್ಕಿಂತ ಸಸಿ ಕೇಳುವವರೇ ಹೆಚ್ಚಾಗಿರುವುದರಿಂದ ಮರಳಿನ ಮಡಿಯನ್ನು ಇಮ್ಮಡಿ ಮಾಡಿಸುತ್ತಿದ್ದೇನೆ.