ಕೋಟಿಂಗ್ ಹಿಡಿಯದೆ ಹೋದ ಆ ಬ್ಯಾಚ್

ಎಳೆದು ನೋಡುವ ಮೆಷಿನ್ನಿನಲ್ಲಿ, ಪರೀಕ್ಷೆಗೆಂದೇ ಕೋಟಿಂಗ್ ಮಾಡಿದ್ದ ಮೊದಲನೇ ಬಿಲ್ಲೆ ಟಪ್ ಅಂತ ಬಿಟ್ಟುಕೊಂಡಿತು. ಹಿಡಿತದ ಬಲ 9 ಮೆಗಾಪಾಸ್ಕಲ್. ಇಂಥ ಕೋಟಿಂಗಿನ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 13779-2 ಕೇಳುವುದು ಕನಿಷ್ಠ 15. ಐದು ಬಿಲ್ಲೆ ಎಳೆದೆವು, ಒಂದೂ ಅಲ್ಲಿಗೆ ಮುಟ್ಟಲಿಲ್ಲ.

ನಮ್ಮದು ಪೀಣ್ಯದಲ್ಲಿ ಒಂದು ಸಣ್ಣ ಶೆಡ್. ಸೊಂಟದ ಕೀಲು ಬದಲಾಯಿಸುವಾಗ ತೊಡೆಮೂಳೆಯೊಳಗೆ ಕೂರಿಸುತ್ತಾರಲ್ಲ, ಆ ಟೈಟೇನಿಯಂ ಸ್ಟೆಮ್‌ಗೆ ಹೈಡ್ರಾಕ್ಸಿಅಪಟೈಟ್ ಕೋಟಿಂಗ್ ಮಾಡುತ್ತೇವೆ. ಬಾಯಿ ತಿರುಗದ ಹೆಸರು, ಎಲ್ಲರೂ ಎಚ್ಎ ಅಂತೀವಿ. ನಮ್ಮ ಮೂಳೆಯಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟಿಗೆ ಇದು ಹತ್ತಿರದ ನೆಂಟ. ಸಿಮೆಂಟ್ ಹಾಕದ ಕೀಲಿನಲ್ಲಿ ಸ್ಟೆಮ್ಮನ್ನು ಮೊದಲು ಬಿಗಿಯಾಗಿ ಬಡಿದು ಕೂರಿಸುತ್ತಾರೆ. ಆಮೇಲೆ ಅದನ್ನು ಹಿಡಿದಿಡಬೇಕಾದ್ದು ರೋಗಿಯ ಮೂಳೆಯೇ. 1985ರಲ್ಲಿ ಲಂಡನ್ನಿನ ಸರ್ಜನ್ ರೊನಾಲ್ಡ್ ಫರ್ಲಾಂಗ್, ಮರುವರ್ಷ ಫ್ರಾನ್ಸಿನಲ್ಲಿ ಕೊರೈಲ್ ಎಂಬ ಸ್ಟೆಮ್ ರೂಪಿಸಿದ ತಂಡದವರು ಎಚ್ಎ ಬಳಿದ ಸ್ಟೆಮ್ ಹಾಕಿದರು. ಮೂಳೆ ನೇರವಾಗಿ ಅದಕ್ಕೇ ಅಂಟಿಕೊಂಡು ಬೆಳೆಯಿತು. ಆದರೆ ಕೋಟಿಂಗೇ ಲೋಹ ಬಿಟ್ಟು ಎದ್ದರೆ? ಮೂಳೆ ಕೋಟಿಂಗನ್ನು ಹಿಡಿದಿರುತ್ತದೆ, ಒಳಗೆ ಸ್ಟೆಮ್ ಅಲ್ಲಾಡುತ್ತಿರುತ್ತದೆ.

"ಕರೆಂಟ್ ಸ್ವಲ್ಪ ಏರಿಸಿದ್ರೆ ಕಚ್ಚಿಕೊಳ್ಳುತ್ತೆ ಸಾರ್," ಅಂದ ನಮ್ಮ ಆಪರೇಟರ್. ಸುಳ್ಳಲ್ಲ. ಎಚ್ಎ ಪುಡಿಯನ್ನು ಕರಗಿಸಿ ಲೋಹದ ಮೇಲೆ ಎರಚುವ ಪ್ಲಾಸ್ಮಾ ಗನ್ನಿನೊಳಗೆ ಶಾಖ 10,000 ಡಿಗ್ರಿ ದಾಟುತ್ತದೆ. ಪುಡಿ ಚೆನ್ನಾಗಿ ಕರಗಿ ಬಡಿದಷ್ಟೂ ಗಟ್ಟಿ. ಆದರೆ ಶಾಖ ಜಾಸ್ತಿಯಾದರೆ ಎಚ್ಎ ಒಡೆದು ಸುಣ್ಣವಾಗುತ್ತದೆ. ಎಕ್ಸ್‌ರೇ ಡಿಫ್ರಾಕ್ಷನ್ನಿನಲ್ಲಿ, ಅಂದರೆ ಒಳಗೆ ಯಾವ ಹರಳಿದೆ ಅಂತ ತೋರಿಸುವ ಪರೀಕ್ಷೆಯ ಗ್ರಾಫಿನಲ್ಲಿ, 37 ಡಿಗ್ರಿ ಕೋನದ ಹತ್ತಿರ ಸುಣ್ಣದ ಚಿಕ್ಕ ಮೊನೆ ಎದ್ದು ನಿಲ್ಲುತ್ತದೆ. ಮೈಯೊಳಗೆ ಅಂಥದ್ದು ಬೇಗ ಕರಗಿಹೋಗುತ್ತದೆ. ಇಲ್ಲಿ ಗೆದ್ದು ಅಲ್ಲಿ ಸೋತ ಹಾಗೆ.

ಮುರಿದ ಬಿಲ್ಲೆಯನ್ನು ಕಿಟಕಿ ಬೆಳಕಿಗೆ ಹಿಡಿದೆ. ಎರಡೂ ಕಡೆ ಬಿಳಿ ಉಳಿದಿದ್ದರೆ ಕೋಟಿಂಗ್ ನಡುವೆಯೇ ಮುರಿದಿದೆ, ಗನ್ನನ್ನು ಅನುಮಾನಿಸಬೇಕು. ಇಲ್ಲಿ ಒಂದು ಕಡೆ ಬರೀ ಬೂದು ಲೋಹ. ತೊಳೆದಿಟ್ಟ ಪಾತ್ರೆಯ ಹಾಗೆ. ತಪ್ಪು ಗನ್ನಿಗಿಂತ ಮುಂಚೆಯೇ ಆಗಿದೆ.

ಕೋಟಿಂಗಿಗೆ ಮೊದಲು ಕಂಪ್ರೆಸರ್ ಗಾಳಿಯಿಂದ ಅಲ್ಯುಮಿನಾ ಮರಳು ಹೊಡೆದು ಮೈ ತರಿ ಮಾಡುತ್ತೇವೆ. ಒರಟುತನ ಅಳೆದೆ, ಸುಮಾರು 4 ಮೈಕ್ರಾನ್, ಸರಿಯಾಗೇ ಇತ್ತು. ಕೊನೆಗೆ, ಬೇರೇನೂ ತೋಚದೆ, ಆಗಷ್ಟೇ ಬ್ಲಾಸ್ಟ್ ಆದ ಬಿಲ್ಲೆಯ ಮೇಲೆ ಡಿಸ್ಟಿಲ್ಡ್ ವಾಟರ್ ಸುರಿದೆ. ಶುದ್ಧ ಲೋಹದ ಮೇಲೆ ನೀರು ಹಾಳೆಯ ಹಾಗೆ ಹರಡಬೇಕು. ಇದು ಕೆಸುವಿನ ಎಲೆಯ ಮೇಲಿದ್ದ ಹಾಗೆ ಮಣಿ ಮಣಿಯಾಗಿ ಉರುಳಿತು.

ಎಣ್ಣೆ!

ಓಡಿಹೋಗಿ ಕಂಪ್ರೆಸರ್ ಲೈನಿನ ಡ್ರೈನ್ ತಿರುಗಿಸಿದೆ. ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಫಿಲ್ಟರ್ ಬದಲಾಯಿಸಿದ್ದೇವೆ ಅಂತ ರಿಜಿಸ್ಟರಿನಲ್ಲಿ ಟಿಕ್ ಇತ್ತು. ಪಕ್ಕದಲ್ಲಿದ್ದ ಸಹಿ ನನ್ನದೇ. ಬಿಚ್ಚಿ ನೋಡದೆ ಹಾಕಿದ್ದೆ.

ಫಿಲ್ಟರ್ ಹೊಸದು ಬಂತು. ಮರಳನ್ನೂ ಪೂರ್ತಿ ಎಸೆದೆವು, ಎಣ್ಣೆ ಕುಡಿದ ಮರಳು ಮತ್ತೆ ಮತ್ತೆ ಎಣ್ಣೆಯನ್ನೇ ಬಳಿಯುತ್ತದೆ. ಆ ಬ್ಯಾಚಿನ ಸ್ಟೆಮ್‌ಗಳೂ ಗುಜರಿಗೆ ಹೋದವು. ಓನರ್ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೋಟಿಂಗ್ ಆದ ಮುಂದಿನ ಐದು ಬಿಲ್ಲೆಗಳಿಗೆ ಮೆಷಿನ್ನಿನಲ್ಲಿ ಎಳೆಯಲು ಅಂಟು ಹಾಕಿ, ಓವನ್ನಿನಲ್ಲಿಟ್ಟು, ಮಾರನೇ ದಿನ ಎಳೆದಾಗ ಎಲ್ಲವೂ 20 ದಾಟಿದವು. ಕರೆಂಟ್ ಮುಟ್ಟಿರಲೇ ಇಲ್ಲ.

ಈಗ ಪ್ರತಿ ಬ್ಯಾಚಿಗೂ ಒಂದು ಬಿಲ್ಲೆ ಜಾಸ್ತಿ ಇಡುತ್ತೇವೆ. ಅದಕ್ಕೆ ಕೋಟಿಂಗ್ ಇಲ್ಲ, ಬರೀ ನೀರು.